ದೇಶಕ್ಕೆ ಲಾಭವಂತೆ, ಯಾವ ದೇಶಕ್ಕೆ?



ಇಂಗ್ಲೆಂಡಿನ ಸುದ್ದಿ ನಮಗ್ಯಾಕೆ, ಹಾಸ್ಟೆಲಿನ ಅನ್ನದಲ್ಲಿ ಹುಳ ಇರೋದು ಬರೀರಿ ಸಾಕು ಎಂದು ಕೆಲವರು ಹೇಳುತ್ತಾರೆ. ಹುಳದ ಬಗ್ಗೆ ಬರೆದಿದ್ದೇವೆ, ಇನ್ನೂ ಬರೆಯುತ್ತೇವೆ. ಆದರೆ ನಮ್ಮಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಈಗ ಲಂಡನ್ನಿನ ವೀಸಾದ ಮಾತಾಡುತ್ತಾರೆ. ನಮ್ಮ ಅಕ್ಕತಂಗಿಯರು ಹೊಲಿದ ಅಂಗಿಗಳು ಆ ದೇಶದ ಅಂಗಡಿಗಳಲ್ಲಿ ನೇತಾಡುತ್ತವೆ. ಹಾಗಿರುವಾಗ ಆ ದೇಶ ಒಂದು ದೊಡ್ಡ ವ್ಯಾಪಾರದ ಕೂಟವನ್ನು ಬಿಟ್ಟು ಹೊರಗೆ ಬಂದಾಗ ದುಡಿಯುವವರ ಗತಿ ಏನಾಯಿತು ಎಂದು ತಿಳಿಯುವುದು ಕಾಲಹರಣವಲ್ಲ.

2016ರ ಜೂನ್ 23ರಂದು ಬ್ರಿಟನ್ನಿನ ಜನ ಓಟು ಹಾಕಿದರು. ಪ್ರಶ್ನೆ ಒಂದೇ: ಯುರೋಪಿಯನ್ ಯೂನಿಯನ್ನಿನಲ್ಲಿ ಇರೋಣವೋ ಬಿಡೋಣವೋ? ನೂರಕ್ಕೆ 52 ಮಂದಿ ಬಿಡೋಣ ಅಂದರು, 48 ಮಂದಿ ಇರೋಣ ಅಂದರು. 1973ರ ಜನವರಿ 1ರಂದು ಸೇರಿದ್ದ ಕೂಟವನ್ನು 2020ರ ಜನವರಿ 31ಕ್ಕೆ ಕಾಗದದ ಮೇಲೆ ಬಿಟ್ಟರು. ನಿಜವಾಗಿ ಬಾಗಿಲು ಹಾಕಿಕೊಂಡದ್ದು ಅದೇ ವರ್ಷ ಡಿಸೆಂಬರ್ 31ರ ರಾತ್ರಿ. ಇದಕ್ಕೆ ಬ್ರೆಕ್ಸಿಟ್ ಅಂತ ಹೆಸರು. ಕೂಟ ಅಂದರೆ ಏನು? ಇಪ್ಪತ್ತೆಂಟು ದೇಶಗಳ ನಡುವೆ ಸುಂಕದ ಕಟ್ಟೆ ಇಲ್ಲ. ಸರಕಿನ ಲಾರಿ ಗಡಿಯಲ್ಲಿ ಕಾಗದ ತೋರಿಸುತ್ತಾ ನಿಲ್ಲಬೇಕಾಗಿಲ್ಲ. ರುಮೇನಿಯಾದ ಕೂಲಿಯವನು ಇಂಗ್ಲೆಂಡಿಗೆ ಬಂದು ಯಾರ ಅಪ್ಪಣೆಯೂ ಇಲ್ಲದೆ ದುಡಿಯಬಹುದು, ಇಂಗ್ಲೆಂಡಿನವನು ಸ್ಪೇನಿಗೆ ಹೋಗಿ ಮನೆ ಮಾಡಬಹುದು.

ಬಿಡೋಣ ಅಂದವರು ಯಾರು? ಸಾಹುಕಾರರೂ ಇದ್ದರು, ಮುದುಕರೂ ಇದ್ದರು. ಆದರೆ ಗಮನಿಸಬೇಕಾದ್ದು ಕಾರ್ಮಿಕರ ಊರುಗಳನ್ನು. ಉತ್ತರದ ಸಂಡರ್‌ಲ್ಯಾಂಡಿನಲ್ಲಿ ನೂರಕ್ಕೆ 61 ಮಂದಿ ಬಿಡೋಣ ಅಂದರು. ವೇಲ್ಸ್‌ನ ಎಬ್ಬು ವೇಲ್ ಎಂಬ ಉಕ್ಕಿನ ಊರಿರುವ ಜಿಲ್ಲೆಯಲ್ಲಿ 62 ಮಂದಿ. ಎಬ್ಬು ವೇಲ್‌ನ ಕಾರ್ಖಾನೆ 2002ರಲ್ಲೇ ಮುಚ್ಚಿತ್ತು. ಯುರೋಪಿನ ದುಡ್ಡಿನಲ್ಲಿ ರಸ್ತೆ, ಕಾಲೇಜು ಎಲ್ಲಾ ಬಂದಿದ್ದವು, ಕೆಲಸ ಬಂದಿರಲಿಲ್ಲ. ರಸ್ತೆ ತಿಂದು ಬದುಕೋಕಾಗುತ್ತಾ?

ಆ ಜನರ ಸಿಟ್ಟು ಸುಳ್ಳಲ್ಲ. ಸಿಟ್ಟಿನ ಗುರಿ ತಪ್ಪಿತು. ಕಲ್ಲಿದ್ದಲ ಗಣಿಗಳನ್ನು ಮುಚ್ಚಿದ್ದು ಯುರೋಪ್ ಅಲ್ಲ. 1984-85ರಲ್ಲಿ ಒಂದು ವರ್ಷ ಮುಷ್ಕರ ಹೂಡಿದ ಗಣಿ ಕಾರ್ಮಿಕರ ಬೆನ್ನು ಮುರಿದು ಮುಚ್ಚಿಸಿದ್ದು ಅವರದೇ ಥ್ಯಾಚರ್ ಸರ್ಕಾರ. ಆದರೆ ಮೂವತ್ತು ವರ್ಷ ಆದ ಮೇಲೆ ಪತ್ರಿಕೆಗಳು, ಪುಢಾರಿಗಳು ತೋರಿಸಿದ್ದು ಪಕ್ಕದ ಮನೆಗೆ ಬಾಡಿಗೆಗೆ ಬಂದ ಪೋಲೆಂಡಿನವನನ್ನು. ನಿನ್ನ ಕೆಲಸ ತಿಂದವನು ಇವನೇ ನೋಡು! ಈ ಆಟ ನಮಗೆ ಹೊಸದಲ್ಲ ಗೆಳೆಯರೇ. ಸರ್ಕಾರ ಖಾಲಿ ಹುದ್ದೆ ತುಂಬುವುದಿಲ್ಲ, ತುಂಬಿದ್ದನ್ನು ಗುತ್ತಿಗೆಗೆ ಕೊಡುತ್ತದೆ. ಕೆಲಸ ಸಿಗದ ಮೇಲ್ಜಾತಿಯ ಹುಡುಗನಿಗೆ ತೋರಿಸುವುದು ಮಾತ್ರ ನಮ್ಮ ಮೀಸಲಾತಿಯನ್ನು. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗೆ ಹಾಕೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆದು ಊರೂರು ತಿರುಗಿಸಿದರು. ಅದು ದಾರಿ ತಪ್ಪಿಸುವ ಲೆಕ್ಕ ಎಂದು ಆ ದೇಶದ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ನಿಲ್ಲಲಿಲ್ಲ.

ಹಾಗಂತ ಆ ಕೂಟಕ್ಕಾಗಿ ಅಳುವವರ ಗುಂಪಿಗೆ ನಾವು ಸೇರಿದವರಲ್ಲ. ಅದು ಮೊದಲಿಂದ ವ್ಯಾಪಾರಿಗಳ ಕೂಟ. 1975ರಲ್ಲಿ ಇದೇ ಪ್ರಶ್ನೆಗೆ ಒಮ್ಮೆ ಓಟು ನಡೆದಾಗ ಹೊರಗೆ ಬರೋಣ ಅಂದವರಲ್ಲಿ ಟೋನಿ ಬೆನ್‌ನಂಥ ಎಡಪಂಥೀಯ ನಾಯಕರು ಮುಂದೆ ಇದ್ದರು. ನಾವು ಆರಿಸದವರು ನಮಗೆ ಕಾನೂನು ಮಾಡಬಾರದು ಎಂಬುದು ಬೆನ್‌ರ ವಾದ. ಅದು ದಡ್ಡರ ವಾದವಲ್ಲ. ಆದ್ದರಿಂದ ಬಿಟ್ಟದ್ದು ಸರಿಯೋ ತಪ್ಪೋ ಎಂಬ ಪಂಚಾಯ್ತಿ ನಮಗೆ ಬೇಡ. ಬಿಟ್ಟಾಗ ಬೆಲೆ ತೆತ್ತವರು ಯಾರು? ಅದನ್ನು ಕೇಳೋಣ.

ಹೀಗೆ ಕೇಳುವುದನ್ನು ಕಲಿಸಿದವರು ಬಾಬಾಸಾಹೇಬರು. ಅವರನ್ನು ಸಂವಿಧಾನದ ಪುಸ್ತಕ ಹಿಡಿದ ವಿಗ್ರಹ ಮಾಡಿ ನಿಲ್ಲಿಸಿದವರಿಗೆ ಅವರು ಮೊದಲು ಅರ್ಥಶಾಸ್ತ್ರಜ್ಞರು ಎಂಬುದು ನೆನಪಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿ, 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಅವರ ಇಂಗ್ಲಿಷ್ ಗ್ರಂಥ ಲಂಡನ್ನಿನಲ್ಲೇ ಪ್ರಕಟವಾಯಿತು. ರೂಪಾಯಿಯ ಬೆಲೆ ಬಿದ್ದರೆ ರಫ್ತು ಹೆಚ್ಚುತ್ತದೆ, ದೇಶಕ್ಕೆ ಲಾಭ ಎಂದು ಆಗಿನ ವ್ಯಾಪಾರಿಗಳು ಹೇಳುತ್ತಿದ್ದರು. ಬಾಬಾಸಾಹೇಬರು ಅದನ್ನು ಬಿಡಿಸಿ ನೋಡಿದರು. ರೂಪಾಯಿ ಬಿದ್ದಾಗ ಸಾಮಾನಿನ ಬೆಲೆ ಬೇಗ ಏರುತ್ತದೆ, ಕೂಲಿ ನಿಧಾನಕ್ಕೆ ಏರುತ್ತದೆ. ಆ ನಡುವಿನ ಸಂದಿಯಲ್ಲಿ ಸಿಕ್ಕ ದುಡ್ಡೇ ವ್ಯಾಪಾರಿಯ ಲಾಭ. ಅದು ಹೊರದೇಶದಿಂದ ಬಂದ ಲಾಭವಲ್ಲ, ಇದೇ ದೇಶದ ಕೂಲಿಕಾರನ ತಟ್ಟೆಯಿಂದ ಎತ್ತಿದ್ದು. ನೂರು ವರ್ಷ ಕಳೆದಿದೆ, ಈ ಲೆಕ್ಕಕ್ಕೆ ಮುಪ್ಪು ಬಂದಿಲ್ಲ.

ಈಗ ನೋಡಿ. ಓಟು ಎಣಿಸಿದ ಆ ಒಂದೇ ರಾತ್ರಿ ಬ್ರಿಟನ್ನಿನ ಪೌಂಡು ಡಾಲರಿನೆದುರು ಒಂದು ಹಂತದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. 1985ರ ನಂತರ ಅಷ್ಟು ಕೆಳಗೆ ಹೋಗಿರಲಿಲ್ಲ. ಆಹಾರದ ದೊಡ್ಡ ಪಾಲನ್ನು ಹೊರಗಿಂದ ತರಿಸುವ ದೇಶ ಅದು. ಇನ್ನೂ ಬಾಗಿಲು ಮುಚ್ಚಿರಲಿಲ್ಲ, ಒಂದು ಕಾನೂನೂ ಬದಲಾಗಿರಲಿಲ್ಲ, ಆಗಲೇ ಅಂಗಡಿಯಲ್ಲಿ ರೇಟು ಏರಿತು. ಸಂಬಳ ಹಿಂದೆ ಬಿತ್ತು. ರಫ್ತಿನ ಕಂಪನಿಗಳು ಒಂದಿಷ್ಟು ದಿನ ಖುಷಿಪಟ್ಟವು. ಮುಂದೆ ಗಡಿಯ ಕಾಗದಪತ್ರ, ತಪಾಸಣೆ ಶುರುವಾದ ಮೇಲೆ ಆಹಾರದ ಬೆಲೆಗೆ ಅದೂ ಸೇರಿತು. ಬಾಬಾಸಾಹೇಬರು ಓದಿದ ಅದೇ ಎಕನಾಮಿಕ್ಸ್ ಸ್ಕೂಲಿನವರು 2023ರಲ್ಲಿ ಲೆಕ್ಕ ಹಾಕಿದ್ದಾರೆ: 2019ರ ಕೊನೆಯಿಂದ 2023ರ ಮಾರ್ಚ್‌ವರೆಗೆ ಈ ತಡೆಗಳಿಂದಲೇ ಸರಾಸರಿ ಒಂದು ಮನೆಗೆ ಆಹಾರದ ಖರ್ಚು 250 ಪೌಂಡ್ ಹೆಚ್ಚಾಯಿತು. ಲಾರ್ಡ್ ಸಾಹೇಬನ ಮನೆಗೆ 250 ಪೌಂಡ್ ಏನೂ ಅಲ್ಲ. ಸಂಬಳದ ದೊಡ್ಡ ಪಾಲು ಹೊಟ್ಟೆಗೇ ಹೋಗುವ ಮನೆಗೆ?

ಕಾರ್ಖಾನೆಗಳ ಕಥೆ ಇನ್ನೂ ತೊಡಕಿನದು, ನಿಧಾನವಾಗಿ ಹೇಳಬೇಕು. ಆಕ್ಸ್‌ಫರ್ಡ್ ಹತ್ತಿರ ಮಿನಿ ಎಂಬ ಕಾರು ತಯಾರಾಗುತ್ತದೆ. ಅದರ ಎಂಜಿನ್ನಿನೊಳಗೆ ಕ್ರ್ಯಾಂಕ್‌ಶಾಫ್ಟ್ ಅಂತ ಒಂದು ಉಕ್ಕಿನ ದಂಡ ಇರುತ್ತದೆ. ಬ್ರೆಕ್ಸಿಟ್ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿ ಆ ದಂಡ ಫ್ರಾನ್ಸಿನಲ್ಲಿ ಎರಕವಾಗಿ, ಸಮುದ್ರ ದಾಟಿ ಬರ್ಮಿಂಗ್‌ಹ್ಯಾಮ್ ಹತ್ತಿರ ಬಂದು ಕೊರೆಸಿಕೊಂಡು, ಮತ್ತೆ ಸಮುದ್ರ ದಾಟಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಎಂಜಿನ್ ಸೇರಿ, ಮೂರನೇ ಸಲ ಸಮುದ್ರ ದಾಟಿ ಆಕ್ಸ್‌ಫರ್ಡಿಗೆ ಬರುತ್ತಿತ್ತು. ಕಾರು ಯುರೋಪಿನಲ್ಲಿ ಮಾರಾಟವಾದರೆ ನಾಲ್ಕನೇ ಸಲ. ಸುಂಕವಿಲ್ಲ, ತಪಾಸಣೆಯಿಲ್ಲ, ಅದಕ್ಕೇ ಇದು ಸಾಧ್ಯ. ಇಂಥ ಸಾವಿರಾರು ಬಿಡಿಭಾಗ ಸೇರಿ ಒಂದು ಕಾರು. ಗಡಿಯಲ್ಲಿ ಒಂದೊಂದು ದಿನ ತಡವಾದರೂ ಸಾಲಿನಲ್ಲಿ ನಿಂತ ಕಾರ್ಮಿಕನ ಕೈ ಖಾಲಿ. 2020ರ ಡಿಸೆಂಬರ್ 24ರಂದು ಕೊನೇ ಗಳಿಗೆಯ ಒಪ್ಪಂದವೇನೋ ಆಯಿತು. ಸುಂಕ ಸೊನ್ನೆ ಎಂದರು. ಆದರೆ ಆ ಸೊನ್ನೆ ಸಿಗಬೇಕಾದರೆ ಸರಕಿನ ಇಂತಿಷ್ಟು ಪಾಲು ಬ್ರಿಟನ್ ಅಥವಾ ಯುರೋಪಿನಲ್ಲೇ ಹುಟ್ಟಿದ್ದೆಂದು ಸಾಬೀತು ಮಾಡಬೇಕು. ಸರಕಿಗೂ ಜಾತಿ ಪ್ರಮಾಣಪತ್ರ ಬಂತು ನೋಡಿ! ಪ್ರಮಾಣಪತ್ರಕ್ಕೆ ತಹಶೀಲ್ದಾರರ ಕಚೇರಿಗೆ ಅಲೆದವರಿಗೆ ಇದರ ಕಷ್ಟ ಬೇರೆ ಹೇಳಬೇಕಿಲ್ಲ.

ಅಲೆದವರು ಯಾರು? ಸಂಡರ್‌ಲ್ಯಾಂಡಿನಲ್ಲಿ ನಿಸಾನ್ ಕಾರ್ಖಾನೆ ಇದೆ, ಸುಮಾರು ಆರು ಸಾವಿರ ಮಂದಿ ದುಡಿಯುವ ಜಾಗ. ಓಟು ಮುಗಿದ ನಾಲ್ಕೇ ತಿಂಗಳಿಗೆ, 2016ರ ಅಕ್ಟೋಬರಿನಲ್ಲಿ, ನಿಮಗೆ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ ಎಂಬ ಅರ್ಥದ ಪತ್ರ ಮಂತ್ರಿಯಿಂದ ಆ ಕಂಪನಿಗೆ ಹೋಯಿತು. ಆ ಪತ್ರ ಜನರ ಕಣ್ಣಿಗೆ ಬಿದ್ದದ್ದು 2019ರಲ್ಲಿ. ನಿಸಾನ್ ಉಳಿಯಿತು. ಚೀಸು ಮಾಡಿ ಫ್ರಾನ್ಸಿಗೆ ಕಳಿಸುತ್ತಿದ್ದವನಿಗೆ, ಹತ್ತು ಜನರನ್ನಿಟ್ಟುಕೊಂಡು ಬಿಡಿಭಾಗ ಮಾಡುತ್ತಿದ್ದವನಿಗೆ ಮಂತ್ರಿಯ ಪತ್ರ ಹೋಗಲಿಲ್ಲ, ಫಾರಂ ಹೋಯಿತು. ಮೇಲೆ ಹೇಳಿದ ಎಕನಾಮಿಕ್ಸ್ ಸ್ಕೂಲಿನವರದೇ 2024ರ ಇನ್ನೊಂದು ಲೆಕ್ಕದ ಪ್ರಕಾರ ಸುಮಾರು 16,400 ಸಂಸ್ಥೆಗಳು ಯುರೋಪಿಗೆ ಸರಕು ಕಳಿಸುವುದನ್ನೇ ನಿಲ್ಲಿಸಿಬಿಟ್ಟವು. ಹೆಚ್ಚಿನವು ಸಣ್ಣವು. ದೊಡ್ಡವು ಗುಮಾಸ್ತರನ್ನು ಇಟ್ಟುಕೊಂಡು ದಾಟಿಕೊಂಡವು.

ಇಲ್ಲಿ ಒಂದು ಎಚ್ಚರಿಕೆ. ಮುಚ್ಚಿದ ಎಲ್ಲಾ ಕಾರ್ಖಾನೆಯ ಪಾಪವನ್ನೂ ಬ್ರೆಕ್ಸಿಟ್ ತಲೆಗೆ ಕಟ್ಟಿದರೆ ನಾವೂ ಆ ಕೆಂಪು ಬಸ್ಸಿನವರೇ ಆಗುತ್ತೇವೆ. ಸ್ವಿಂಡನ್ನಿನ ಹೋಂಡಾ ಕಾರ್ಖಾನೆ 2021ರ ಜುಲೈನಲ್ಲಿ ಮುಚ್ಚಿತು, ಸುಮಾರು 3,500 ಕೆಲಸ ಹೋಯಿತು. ಬ್ರೆಕ್ಸಿಟ್ ಕಾರಣವಲ್ಲ, ಕಾರುಗಳು ಎಲೆಕ್ಟ್ರಿಕ್ ಆಗುತ್ತಿವೆ ಎಂದು ಕಂಪನಿ ಹೇಳಿತು. ಯುರೋಪ್ ಕೂಟ ಜಪಾನಿನ ಜೊತೆ ಮಾಡಿಕೊಂಡ ಒಪ್ಪಂದ 2019ರ ಫೆಬ್ರವರಿಯಿಂದ ಜಾರಿಗೆ ಬಂದು ಜಪಾನಿನ ಕಾರಿನ ಸುಂಕ ವರ್ಷವರ್ಷಕ್ಕೆ ಇಳಿಯತೊಡಗಿತ್ತು. ಹಾಗಾದರೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ಯಾಕೆ ಎಂಬುದೂ ಒಂದು ಲೆಕ್ಕ. 2016ರಲ್ಲಿ ಬ್ರಿಟನ್ 17 ಲಕ್ಷ ಕಾರು ಮಾಡಿತ್ತು, 2022ರಲ್ಲಿ ಎಂಟು ಲಕ್ಷವನ್ನೂ ಮುಟ್ಟಲಿಲ್ಲ; ಅದರಲ್ಲಿ ಕೊರೋನಾದ್ದೂ ಪಾಲಿದೆ, ಚಿಪ್ಪುಗಳ ಕೊರತೆಯದ್ದೂ ಇದೆ. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ನಮ್ಮ ಟಾಟಾದವರು ಕೊನೆಯ ಊದುಕುಲುಮೆಯನ್ನು 2024ರ ಸೆಪ್ಟೆಂಬರ್ 30ರಂದು ಆರಿಸಿದರು. ಸರ್ಕಾರ ವಿದ್ಯುತ್ ಕುಲುಮೆಗೆಂದು 50 ಕೋಟಿ ಪೌಂಡ್ ಕೊಡಲು ಒಪ್ಪಿತು, ಕಾರ್ಮಿಕರಿಗೆ ಸಿಕ್ಕಿದ್ದು ಎರಡು ಸಾವಿರಕ್ಕೂ ಮೀರಿದ ಕೆಲಸಗಳ ಕಡಿತ. ಅದಕ್ಕೂ ಬ್ರೆಕ್ಸಿಟ್‌ಗೂ ನೇರ ನಂಟಿಲ್ಲ. ಆದರೆ ಹಿಡಿತ ವಾಪಸ್ ಪಡೆಯೋಣ ಎಂಬ ಘೋಷಣೆ ಕೂಗಿ ಓಟು ಕೊಟ್ಟ ಊರು ಅದೂ ಒಂದು. ಹಿಡಿತ ಬಂತಲ್ಲ, ಎಲ್ಲಿಗೆ ಬಂತು? ಮುಂಬೈಯ ಕಂಪನಿಯ ಕೈಗೆ.

ಇನ್ನು ಕೈಕೆಲಸದ ವಿಷಯ. ನಮ್ಮ ಓದುಗರಿಗೆ ಇದೇ ಮುಖ್ಯ ಎಂದು ನಮ್ಮ ಅನಿಸಿಕೆ.

ಕಸಾಯಿಖಾನೆಯಲ್ಲಿ ಕಡಿಯುವವರು, ಕೋಳಿಯ ಕರುಳು ತೆಗೆಯುವವರು, ಸ್ಟ್ರಾಬೆರಿ ಕೀಳುವವರು, ಹಾಸಿಗೆ ಹಿಡಿದ ಮುದುಕರ ಮಲಮೂತ್ರ ಬಳಿಯುವವರು. ಈ ಕೆಲಸ ಯಾವ ದೇಶದಲ್ಲೂ ದೊಡ್ಡವರ ಮಕ್ಕಳಿಗಲ್ಲ. ನಮ್ಮಲ್ಲಿ ಅದನ್ನು ಜಾತಿ ಹಂಚಿತು, ಅಲ್ಲಿ ಪಾಸ್‌ಪೋರ್ಟ್ ಹಂಚಿತು. ಬ್ರಿಟನ್ನಿನ ಮಾಂಸದ ಉದ್ಯಮದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೂರ್ವ ಯುರೋಪಿನಿಂದ ಬಂದವರಾಗಿದ್ದರು. ಕೊರೋನಾದಲ್ಲಿ ಊರಿಗೆ ಹೋದವರು ಬಾಗಿಲು ಮುಚ್ಚಿದ ಮೇಲೆ ಬಹಳಷ್ಟು ಮಂದಿ ಹಿಂದಿರುಗಲಿಲ್ಲ. 2021ರಲ್ಲಿ ಕಡಿಯುವವರಿಲ್ಲದೆ ಸಾವಿರಾರು ಹಂದಿಗಳನ್ನು ಸಾಕಿದ ಫಾರಂನಲ್ಲೇ ಕೊಂದು ಬಿಸಾಡಿದರು. ಆಗ ಸರ್ಕಾರಕ್ಕೆ ಕಟುಕರ ನೆನಪಾಗಿ 800 ತಾತ್ಕಾಲಿಕ ವೀಸಾ ಕೊಡುತ್ತೇವೆ ಅಂದಿತು. ಅದೇ ಸೆಪ್ಟೆಂಬರಿನಲ್ಲಿ ಟ್ಯಾಂಕರ್ ಓಡಿಸುವ ಡ್ರೈವರುಗಳಿಲ್ಲದೆ ಪೆಟ್ರೋಲ್ ಬಂಕುಗಳ ಮುಂದೆ ಮೈಲುಗಟ್ಟಲೆ ಸಾಲು. ಪೆಟ್ರೋಲ್ ಹಂಚಲು ಸೈನಿಕರು ಬಂದರು. ಬೇಡ ಬೇಡ ಎಂದು ಓಡಿಸಿದವರೇ ಅನ್ನ ತರುತ್ತಿದ್ದರು ಎಂದು ಆಗ ಗೊತ್ತಾಯಿತು.

ನಿಜ ಹೇಳಬೇಕು: ಆಗ ಲಾರಿ ಡ್ರೈವರುಗಳ ಸಂಬಳ ಏರಿತು. ಕೂಲಿಯವರು ಕಡಿಮೆಯಾದರೆ ಕೂಲಿ ಏರುತ್ತದೆ ಎಂದು ಬಿಡೋಣ ಅಂದವರು ಹೇಳಿದ್ದು ಅಷ್ಟರ ಮಟ್ಟಿಗೆ ನಡೆಯಿತು. ಆದರೆ 2022ರ ಅಕ್ಟೋಬರಿಗೆ ಬೆಲೆ ಏರಿಕೆ ನೂರಕ್ಕೆ 11 ದಾಟಿ, ಏರಿದ್ದನ್ನು ನುಂಗಿತು. ಮತ್ತೆ ಧಣಿಗಳು ಸುಮ್ಮನಿರುತ್ತಾರಾ? ಹತ್ತಿರದ ಕೂಲಿ ಸಿಗದಿದ್ದರೆ ದೂರದ ಕೂಲಿ. ತೋಟಗಳಿಗೆ ಆರು ತಿಂಗಳ ವೀಸಾ ಮಾಡಿದರು. ನೇಪಾಳ, ಇಂಡೋನೇಷ್ಯಾ, ಕಿರ್ಗಿಸ್ತಾನಗಳಿಂದ ಜನ ಬಂದರು. ರುಮೇನಿಯಾದವನಿಗೆ ಒಂದು ಧೈರ್ಯವಿತ್ತು: ಮೇಸ್ತ್ರಿ ಬೈದರೆ ಪಕ್ಕದ ತೋಟಕ್ಕೆ ಹೋಗುತ್ತೇನೆ. ಈ ಹೊಸಬನಿಗೆ ಅದಿಲ್ಲ. ಕರೆಸಿದ ಏಜೆನ್ಸಿ ಒಪ್ಪದೆ ಜಾಗ ಬದಲಿಸುವ ಹಾಗಿಲ್ಲ. ಬರುವ ಮೊದಲೇ ದಲ್ಲಾಳಿಗೆ ಸಾಲ ಮಾಡಿ ಕೊಟ್ಟಿರುತ್ತಾನೆ. 2022ರಲ್ಲಿ ಇಂಡೋನೇಷ್ಯಾದಿಂದ ಬಂದವರ ಇಂಥ ಸಾಲದ ಕಥೆ ಅಲ್ಲಿನ ಪತ್ರಿಕೆಗಳಲ್ಲೇ ಬಂತು. ಮುಂಗಡ, ಸಾಲ, ಬಿಟ್ಟು ಹೋಗದ ಕಟ್ಟು. ಇದಕ್ಕೆ ನಮ್ಮಜ್ಜಂದಿರು ಇಟ್ಟ ಹೆಸರು ಜೀತ. ನಮ್ಮಲ್ಲಿ 1976ರಲ್ಲಿ ಕಾನೂನು ಮಾಡಿ ರದ್ದು ಮಾಡಿದ್ದು.

ವಲಸೆ ಕಡಿಮೆ ಮಾಡಲು ತಾನೇ ಬಿಟ್ಟದ್ದು? ಓಟಿನ ಕಾಲದಲ್ಲಿ ವರ್ಷಕ್ಕೆ ನಿವ್ವಳ ಮೂರು ಲಕ್ಷದ ಆಸುಪಾಸು ಜನ ಬರುತ್ತಿದ್ದರು. 2023ರ ಹೊತ್ತಿಗೆ ಅದು ಒಂಬತ್ತು ಲಕ್ಷ ದಾಟಿತ್ತು. ಬಂದವರು ಬದಲಾದರು, ಬಂದವರ ಹಕ್ಕು ಕಡಿಮೆಯಾಯಿತು. ಧಣಿಗೆ ಬೇಕಾದ್ದೂ ಅದೇ.

ಹಕ್ಕಿನ ಮಾತು ಬಂತಲ್ಲ, ಒಂದು ಕೇಸು ಹೇಳುತ್ತೇವೆ. ಲಂಡನ್ನಿನಲ್ಲಿರುವ ಸುಡಾನ್ ಮತ್ತು ಲಿಬಿಯಾ ರಾಯಭಾರ ಕಚೇರಿಗಳಲ್ಲಿ ಮನೆಗೆಲಸ ಮಾಡುತ್ತಿದ್ದ ಇಬ್ಬರು ಮೊರಾಕ್ಕೋ ಹೆಂಗಸರು ಕೆಲಸದಿಂದ ತೆಗೆದದ್ದಕ್ಕೆ, ಕೂಲಿಗೆ, ಕೆಲಸದ ವೇಳೆಯ ಹಕ್ಕಿಗೆ ಹೋರಾಡಿದರು. ನಾವು ಪರದೇಶದ ಸರ್ಕಾರ, ನಮ್ಮ ಮೇಲೆ ಕೇಸು ನಡೆಯೋದಿಲ್ಲ ಎಂದು ಎದುರು ವಾದ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಯುರೋಪಿನ ಕಾನೂನಿನಿಂದ ಬಂದ ಹಕ್ಕುಗಳ ಮಟ್ಟಿಗೆ ಕೇಸು ನಡೆಯಬೇಕು ಎಂದಿತು. ಅವರ ಕೈಹಿಡಿದದ್ದು ಯುರೋಪಿನ ಮೂಲಭೂತ ಹಕ್ಕುಗಳ ಸನ್ನದು. ಮರುವರ್ಷವೇ ಕೂಟ ಬಿಡುವ ಕಾನೂನು ಮಾಡುವಾಗ ಆ ಸನ್ನದನ್ನು ಹೊರಗೆ ಬಿಟ್ಟರು. ಅದೇ 2018ರ ಜುಲೈನಲ್ಲಿ ಇನ್ನೊಂದು ನಡೆಯಿತು. ಜಾತಿ ತಾರತಮ್ಯವನ್ನು ಸಮಾನತೆಯ ಕಾನೂನಿಗೆ ಸೇರಿಸಿ ಎಂದು ಪಾರ್ಲಿಮೆಂಟು 2013ರಲ್ಲೇ ಹೇಳಿತ್ತು. ಸರ್ಕಾರ ಐದು ವರ್ಷ ಎಳೆದು, ಬೇಕಿಲ್ಲ, ಕೋರ್ಟಿನ ತೀರ್ಪುಗಳೇ ಸಾಕು ಎಂದು ಕೈತೊಳೆದುಕೊಂಡಿತು. ಅಲ್ಲಿನ ಕೆಲವು ಹಿಂದೂ ಸಂಘಗಳು ಈ ಕಾನೂನು ಬೇಡವೆಂದು ವರ್ಷಗಟ್ಟಲೆ ಓಡಾಡಿದ್ದವು. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತಿದ್ದರು. ಕೆಟ್ಟಿಲ್ಲ, ಗಟ್ಟಿಯಾಗೇ ಇದೆ.

ನಮ್ಮ ದೇಶವೂ ಒಂದು ಕೂಟದ ಬಾಗಿಲಿಂದ ತಿರುಗಿ ಬಂದಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಆರ್‌ಸಿಇಪಿ ಎಂಬ ಏಷ್ಯಾದ ಕೂಟಕ್ಕೆ ಸೇರುವುದಿಲ್ಲ ಎಂದು ಹೇಳಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಹಾಲು ಉತ್ಪಾದಕರು ಮುಳುಗುತ್ತಾರೆ ಎಂದು ರೈತ ಸಂಘಟನೆಗಳು ಕೂಗೆತ್ತಿದ್ದವು. ಸರಿಯಾದ ಕೂಗೇ. ಒಂದೆರಡು ಹಸು ಕಟ್ಟಿಕೊಂಡು ಡೈರಿಯ ದುಡ್ಡಿನಲ್ಲಿ ಮಗಳನ್ನು ಓದಿಸಿದ ತಾಯಂದಿರು ನಮ್ಮ ಕೇರಿಯಲ್ಲೂ ಇದ್ದಾರೆ. ಆದರೆ ಹುಲ್ಲು ಕೊಯ್ಯಲು ಗೇಣು ನೆಲ ಇಲ್ಲದವರ ಪಾಲಿಗೆ ಆ ದಿನ ಉಳಿದದ್ದು ಏನು, ಯಾರೂ ಲೆಕ್ಕ ಹಾಕಲಿಲ್ಲ. ಹಾಲು ಉಳಿಯಿತು ಎಂದವರು ಡೈರಿಯ ಸಾಲಿನಲ್ಲಿ ನಮ್ಮವರ ಹಾಲಿನ ಕ್ಯಾನನ್ನು ಬೇರೆ ಇಡಿಸುವ ಊರುಗಳ ಬಗ್ಗೆ ಮಾತಾಡಲಿಲ್ಲ.

ಬ್ರಿಟನ್ ಒಂಟಿಯಾದ ಮೇಲೆ ಈಗ ದೇಶ ದೇಶದ ಜೊತೆ ಬಿಡಿ ಒಪ್ಪಂದ ಮಾಡುತ್ತಿದೆ. ಭಾರತದ ಜೊತೆಗಿನದ್ದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಅದರ ಪ್ರಕಾರ ಅಲ್ಲಿನ ವಿಸ್ಕಿಯ ಮೇಲೆ ನಾವು ಹಾಕುತ್ತಿದ್ದ ನೂರಕ್ಕೆ 150ರ ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತದೆ. ನಮ್ಮ ಬಟ್ಟೆ, ಚರ್ಮ, ಚಪ್ಪಲಿಗೆ ಅಲ್ಲಿ ಸುಂಕ ಸೊನ್ನೆ. ಚರ್ಮ ಮತ್ತು ಚಪ್ಪಲಿ! ಯಾರ ಕೈಯ ಕೆಲಸ ಅದು ಎಂದು ನಿಮಗೆ ಹೇಳಬೇಕೆ? ಸಹಿಗೆ ಎರಡು ದಿನ ಮುಂಚೆ, ಜುಲೈ 22ರಂದು, ಮುದುಕರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಬಾಗಿಲನ್ನು ಬ್ರಿಟನ್ ಮುಚ್ಚಿತು. 2022ರ ಫೆಬ್ರವರಿಯಲ್ಲಿ ತೆರೆದ ಬಾಗಿಲು. ಹೋದವರಲ್ಲಿ ಭಾರತ, ನೈಜೀರಿಯಾ, ಜಿಂಬಾಬ್ವೆಯವರು ಹೆಚ್ಚು. 470ಕ್ಕೂ ಹೆಚ್ಚು ಆರೈಕೆ ಕಂಪನಿಗಳ ಲೈಸೆನ್ಸು ಅಮಾನತಾಗಿಯೋ ರದ್ದಾಗಿಯೋ, ಅದರ ಏಟು 39 ಸಾವಿರ ಕೆಲಸಗಾರರಿಗೆ ಬಿತ್ತು. ಧಣಿಯ ಲೈಸೆನ್ಸು ಹೋಯಿತೆಂದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಧಣಿಯನ್ನು ಹುಡುಕಬೇಕು, ಇಲ್ಲಾಂದ್ರೆ ಮನೆಗೆ. ಈಗಲೂ ಆ ಕೆಲಸಕ್ಕೆ ಇಲ್ಲಿಂದ ವೀಸಾ ಕೊಡಿಸುತ್ತೇನೆ, ಇಷ್ಟು ಲಕ್ಷ ಕೊಡು ಎಂದು ಯಾರಾದರೂ ಹಾಸ್ಟೆಲಿನ ಹತ್ತಿರ ಬಂದರೆ ನಂಬಬೇಡಿ, ಹೆಸರು ಬರೆದುಕೊಂಡು ನಮಗೆ ತಿಳಿಸಿ.

ಬಟ್ಟೆಯ ವಿಷಯಕ್ಕೆ ಒಂದು ಕೆಲಸ ಕೊಡುತ್ತಿದ್ದೇವೆ. ಬ್ರಿಟನ್ ಓಟು ಹಾಕುವುದಕ್ಕೆ ಎರಡು ತಿಂಗಳ ಮುಂಚೆ, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಯಾವ ದೊಡ್ಡ ಲೀಡರೂ ಇಲ್ಲದೆ ರಸ್ತೆಗಿಳಿದು, ಪಿಎಫ್ ದುಡ್ಡು ತೆಗೆಯದಂತೆ ಮಾಡಿದ್ದ ನಿಯಮವನ್ನು ಕೇಂದ್ರ ಸರ್ಕಾರ ವಾಪಸ್ ತೆಗೆದುಕೊಳ್ಳುವಂತೆ ಮಾಡಿದ್ದರು. ಈ ಒಪ್ಪಂದದಿಂದ ಸುಂಕ ಇಳಿದರೆ ಆ ಉಳಿತಾಯದಲ್ಲಿ ಅವರ ಕೂಲಿಗೆ ಎಷ್ಟು ಬರುತ್ತದೆ ಎಂದು ನೋಡಬೇಕಿದೆ. ಅಕ್ಕತಂಗಿಯರು ಗಾರ್ಮೆಂಟಿನಲ್ಲಿ ಇರುವ ಗೆಳೆಯರು ಮುಂದಿನ ಸಭೆಗೆ ಬರುವಾಗ ಅವರ ಸಂಬಳದ ಚೀಟಿ, ಗಂಟೆಗೆ ಎಷ್ಟು ಪೀಸು ಹೊಲಿಯಬೇಕು ಎಂಬ ಲೆಕ್ಕ ಬರೆದು ತನ್ನಿ. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಆರು ತಿಂಗಳಿಗೊಮ್ಮೆ ಹೀಗೆ ತಂದದ್ದನ್ನು ಒಟ್ಟು ಹಾಕಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.